ಜಗುಲಿಯ ಮೇಲೆ ಕೇಳುವ ಪ್ರಶ್ನೆ

“ಮಗು ಹುಟ್ಟಿ ಎಷ್ಟು ಹೊತ್ತಿಗೆ ಎದೆಹಾಲು ಕುಡಿಸಿದೆ?” ಪ್ರಶ್ನೆ ಬಾಣಂತಿಗೆ. ಉತ್ತರ ಮಾತ್ರ ಪಕ್ಕದಲ್ಲಿ ಕೂತ ಅತ್ತೆಯದು: “ಹುಟ್ಟಿದ ತಕ್ಷಣಾನೇ ಸಿಸ್ಟರಮ್ಮ.” ಸೊಸೆ ನೆಲ ನೋಡುತ್ತಾಳೆ. ಗಿಣ್ಣುಹಾಲು ಹಿಂಡಿ ಚೆಲ್ಲಿ, ಕೂಸಿನ ಬಾಯಿಗೆ ಜೇನುತುಪ್ಪ ಸವರಿದ್ದು ಮನೆಯೊಳಗೇ ಉಳಿಯುತ್ತದೆ.

ನಮ್ಮ ಹಳ್ಳಿಗಳಲ್ಲಿ ನರ್ಸಿಂಗ್ ಸಂಶೋಧನೆ ಎಡವುವುದು ಹೆಚ್ಚಾಗಿ ಇಂಥ ಜಗುಲಿಗಳಲ್ಲೇ. ಅತ್ತೆ ಸುಳ್ಳುಗಾತಿಯಲ್ಲ. ಚುಚ್ಚುಮದ್ದು ಹಾಕುವ ಸಿಸ್ಟರೇ ಕೇಳಿದಾಗ, ಅವರಿಗೆ ಹಿಡಿಸುವ ಉತ್ತರ ಕೊಡುವುದು ಮರ್ಯಾದೆ ಎಂದು ಆಕೆ ತಿಳಿದಿದ್ದಾಳೆ.

ಭಾಷೆಯದು ಇನ್ನೊಂದು ತೊಡಕು. “ನಿಮಗೆ ಖಿನ್ನತೆ ಇದೆಯೇ?” ಎಂದರೆ ಇಲ್ಲವೆನ್ನುವಾಕೆ, ಹತ್ತು ನಿಮಿಷ ಸುಮ್ಮನೆ ಕೂತರೆ, “ಯಾವುದರಲ್ಲೂ ಮನಸ್ಸಿಲ್ಲ, ಊಟ ಸೇರಲ್ಲ, ನಿದ್ದೆ ಹತ್ತಲ್ಲ” ಎಂದು ತಾನಾಗಿ ಹೇಳಿಕೊಳ್ಳುತ್ತಾಳೆ. ‘ಯೋನಿಸ್ರಾವ’ ಎಂಬ ಪದಕ್ಕೆ ತಲೆತಗ್ಗಿಸುವವಳು ‘ಬಿಳಿ ಸೆರಗು’ ಎಂದರೆ ಮಾತಾಡುತ್ತಾಳೆ.

ಒಪ್ಪಿಗೆ ಪತ್ರದ ಕಥೆಯೂ ಅಷ್ಟೆ. ಓದಲು ಬಾರದವರಿಗೆ ಅವರಿಗೆ ತಿಳಿಯುವ ಭಾಷೆಯಲ್ಲಿ ವಿವರಿಸಬೇಕು, ಸಂಶೋಧನೆಗೆ ಸಂಬಂಧಪಡದ ಸಾಕ್ಷಿಯೊಬ್ಬರು ಇರಬೇಕು ಎನ್ನುತ್ತದೆ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ 2017ರ ಮಾರ್ಗಸೂಚಿ. ಆದರೆ ಹೆಬ್ಬೆಟ್ಟು ಎಂದರೆ ಹೊಲ ಕಳೆದುಕೊಂಡ ನೆನಪಿರುವ ಮನೆಗಳಿವೆ. ಅಲ್ಲಿ ಶಾಯಿಡಬ್ಬಿ ತೆಗೆಯುವ ಮೊದಲು ಎರಡು ಸಲವಾದರೂ ಹೋಗಿ ಬರಬೇಕು.

ಹೀಗೆ ಜನರ ಬಳಿಗೇ ಹೋಗಿ ಕಲಿಯುವ ದಾರಿ ಹೊಸದಲ್ಲ. ಅಮೆರಿಕದ ನರ್ಸ್ ಮ್ಯಾಡಲೀನ್ ಲೈನಿಂಗರ್ 1960ರ ದಶಕದಲ್ಲಿ ನ್ಯೂಗಿನಿಯ ಗುಡ್ಡಗಾಡಿನ ಗಡ್ಸಪ್ ಜನರ ಹಳ್ಳಿಗಳಲ್ಲಿ ನೆಲೆಸಿ, ಆರೈಕೆ ಎಂದರೇನೆಂದು ಅವರಿಂದಲೇ ಕಲಿತರು. ನ್ಯೂಜಿಲೆಂಡಿನ ಮಾವೋರಿ ನರ್ಸ್ ಇರಿಹಾಪೆಟಿ ರಾಮ್ಸ್‌ಡೆನ್ ಇನ್ನೂ ಮುಂದೆ ಹೋದರು. ಪರರ ಆಚಾರಗಳ ಪಟ್ಟಿ ಬಾಯಿಪಾಠ ಮಾಡಿದರೆ ಸಾಲದು, ನರ್ಸ್ ಮೊದಲು ತನ್ನ ಅಧಿಕಾರವನ್ನೂ ಪೂರ್ವಗ್ರಹವನ್ನೂ ನೋಡಿಕೊಳ್ಳಬೇಕು. ಆರೈಕೆ ಸುರಕ್ಷಿತವೇ ಎಂದು ಹೇಳಬೇಕಾದವರು ಅದನ್ನು ಪಡೆದವರು ಎಂಬುದು ಅವರ ವಾದ. 1992ರಲ್ಲಿ ಅಲ್ಲಿನ ನರ್ಸಿಂಗ್ ಕೌನ್ಸಿಲ್ ಇದನ್ನು ಶಿಕ್ಷಣದ ಭಾಗವಾಗಿಸಿತು.

ಸಂಶೋಧನೆಗೂ ಇದೇ ಅಳತೆಗೋಲು ಬೇಕು. ಸೊಸೆಯನ್ನು ಅವಳೊಬ್ಬಳೇ ಸಿಗುವ ಹೊತ್ತು ನೋಡಿ ಮಾತಾಡಿಸಬೇಕು. ಅತ್ತೆಗೂ ಬೇರೆಯಾಗಿ ಕೇಳಬೇಕು: “ಆ ಹಾಲು ಯಾಕೆ ಚೆಲ್ತೀರಮ್ಮ? ನಿಮಗೆ ಯಾರು ಹೇಳಿಕೊಟ್ಟರು?” ತನ್ನ ಅತ್ತೆಯ ಮಾತಿನಿಂದ ಆಕೆ ಶುರು ಮಾಡಬಹುದು. ಆಗ ಪ್ರಶ್ನಾವಳಿ ಮಡಚಿಟ್ಟು ಕೇಳಿಸಿಕೊಳ್ಳೋಣ.