ಬಂದೂಕು ಇಳಿಸಿದ ಕೈಗೆ ಹೊಸ ಕಾಯಕ

ಹುಬ್ಬಳ್ಳಿಯಿಂದ ಶಿಗ್ಗಾಂವಿಯ ಕಡೆಗೆ ಸಾಗುವ ರಾಷ್ಟ್ರೀಯ ಹೆದ್ದಾರಿಯಲ್ಲಿ, ಮುಂಡಗೋಡದ ದಾರಿ ಕವಲೊಡೆಯುವ ಎಡೆಯಲ್ಲಿ ತಡಸ ಗ್ರಾಮವಿದೆ. ಹೆಸರು, ನಂಬರು ಬರೆದ ಕಬ್ಬಿಣದ ಟ್ರಂಕಿನೊಡನೆ ರಜೆಯ ಮೇಲೆ ಬಂದ ಸೈನಿಕನು ತಡಸ ಕ್ರಾಸಿನಲ್ಲಿ ಬಸ್ಸಿನಿಂದ ಇಳಿಯುವ ದೃಶ್ಯ ಈ ಭಾಗದವರಿಗೆ ಹೊಸದಲ್ಲ. ಆ ಟ್ರಂಕು ಕೊನೆಯ ಸಲ ಇಳಿಯುವ ದಿನವೂ ಒಂದು ಬರುತ್ತದೆ. ಊರ ಹಿರಿಯರು ಹಾರ ಹಾಕುತ್ತಾರೆ, ಯುವಕರು ಮೆರವಣಿಗೆ ಮಾಡುತ್ತಾರೆ, ತಾಯಿ ಬಾಗಿಲಲ್ಲಿ ಆರತಿ ಬೆಳಗುತ್ತಾಳೆ. ಮೆರವಣಿಗೆ ಮುಗಿದ ಮರುದಿನ ಮುಂಜಾನೆ ಆ ಮನೆಯಲ್ಲಿ ಹುಟ್ಟುವ ಪ್ರಶ್ನೆಯೇ ಈ ಲೇಖನದ ವಿಷಯ: ಮುಂದೇನು?

ಸಿಪಾಯಿಯಾಗಿ ಸೇರಿದವನು ಹದಿನೈದು-ಹದಿನೇಳು ವರ್ಷ ಸೇವೆ ಸಲ್ಲಿಸಿ ಹಿಂದಿರುಗುವಾಗ ಅವನ ವಯಸ್ಸು ಮೂವತ್ತೈದರ ಆಸುಪಾಸು. ಉಳಿದವರ ಉದ್ಯೋಗ ಜೀವನ ನಡುಹಗಲಿನಲ್ಲಿರುವಾಗ ಅವನದು ಸಂಜೆಯಾಯಿತೆಂದು ಲೋಕ ತಿಳಿಯುತ್ತದೆ. ಮಕ್ಕಳು ಇನ್ನೂ ಪ್ರಾಥಮಿಕ ಶಾಲೆಯಲ್ಲಿರುತ್ತಾರೆ. ಮನೆಯ ಮೇಲೆ ಸಾಲವಿರುತ್ತದೆ, ತಂಗಿಯ ಮದುವೆ ಬಾಕಿಯಿರುತ್ತದೆ. ಆಗ ಮನೆಯ ಪಡಸಾಲೆಯಲ್ಲಿ ಎಂತಹ ಮಾತು ನಡೆಯುತ್ತದೆಂಬುದನ್ನು ನಾವೆಲ್ಲ ಬಲ್ಲೆವು.

"ಬ್ಯಾಂಕಿನಾಗ ಗನ್‌ಮ್ಯಾನ್ ಕೆಲಸಕ್ಕ ಅರ್ಜಿ ಹಾಕು" ಎನ್ನುತ್ತಾನೆ ತಂದೆ.

"ಹೊಲಾ ಐತಿ, ಎತ್ತು ಅದಾವ, ಮನ್ಯಾಗ ಇರು ಯಪ್ಪಾ" ಎನ್ನುತ್ತಾಳೆ ತಾಯಿ.

"ನಾ ಕಂಪ್ಯೂಟರ್ ಕಲೀಬೇಕಂತ ಮಾಡೇನಿ, ಅಪ್ಪಾ" ಎಂದು ಮಗ ಮೆಲ್ಲಗೆ ಹೇಳಿದರೆ, "ಈ ವಯಸ್ಸಿನ್ಯಾಗ ಸಣ್ಣ ಹುಡುಗರ ಕೂಡ ಕುಂತು ಏನ ಕಲಿತೀಯೋ?" ಎಂಬ ಉತ್ತರ ಸಿದ್ಧವಾಗಿರುತ್ತದೆ.

ಗನ್‌ಮ್ಯಾನ್ ಕೆಲಸವಾಗಲಿ ಒಕ್ಕಲುತನವಾಗಲಿ ಕೀಳಲ್ಲ. ಕಾಯಕದಲ್ಲಿ ಮೇಲು-ಕೀಳಿಲ್ಲವೆಂಬುದು ಶರಣರು ನಮಗೆ ಕೊಟ್ಟ ಬಾಳ ಸೂತ್ರ. ಆದರೆ ಆ ಸೂತ್ರಕ್ಕೆ ಇನ್ನೊಂದು ಮುಖವೂ ಉಂಟು. ಯಾವ ಕಾಯಕವೂ ಯಾರಿಗೂ ಮುಚ್ಚಿದ ಬಾಗಿಲಲ್ಲ. ವಯಸ್ಸಿನ ನೆಪ ಹೇಳಿ ಕಲಿಯುವವನನ್ನು ತಡೆಯುವುದು ಆ ತತ್ವಕ್ಕೆ ಸಲ್ಲದು.

ಕಾಯಕ ಬದಲಿಸಿದವರ ನೆಲ

ಹನ್ನೆರಡನೆಯ ಶತಮಾನದ ಮೋಳಿಗೆಯ ಮಾರಯ್ಯನವರ ಕಥೆ ನಮ್ಮ ಮನೆಗಳಲ್ಲಿ ಮಕ್ಕಳಿಗೂ ಗೊತ್ತು. ಕಾಶ್ಮೀರದ ಅರಸನಾಗಿದ್ದವರು ಸಿಂಹಾಸನವನ್ನು ತೊರೆದು, ಪತ್ನಿಯೊಡನೆ ಕಲ್ಯಾಣಕ್ಕೆ ಬಂದು, ಕಟ್ಟಿಗೆಯ ಹೊರೆ ಮಾರುವ ಕಾಯಕವನ್ನು ಕೈಗೊಂಡರೆಂದು ಪರಂಪರೆ ಹೇಳುತ್ತದೆ. ಕತ್ತಿ ಹಿಡಿದ ಕೈ ಕೊಡಲಿ ಹಿಡಿಯಲು ನಾಚಲಿಲ್ಲ. ಹೊಸ ಕೆಲಸವನ್ನು ಮೊದಲಿನಿಂದ ಕಲಿಯಲು ಅರಸುತನ ಅಡ್ಡಬರಲಿಲ್ಲ.

ತಡಸದವರು ದೂರದ ಕಲ್ಯಾಣದವರೆಗೆ ಹೋಗಬೇಕಾಗಿಯೂ ಇಲ್ಲ. ಇದೇ ಶಿಗ್ಗಾಂವಿ ತಾಲೂಕಿನ ಬಾಡದಲ್ಲಿ ಜನಿಸಿದ ಕನಕದಾಸರು ಮೊದಲು ದಂಡನಾಯಕರಾಗಿದ್ದವರು. ಯುದ್ಧದಲ್ಲಿ ಗಾಯಗೊಂಡ ಮೇಲೆ ಅವರ ಬದುಕಿನ ದಿಕ್ಕು ಬದಲಾಯಿತೆಂದು ಪ್ರತೀತಿ. ಶಿಶುನಾಳದ ಶರೀಫ ಸಾಹೇಬರು (1819-1889) ಶಾಲಾ ಶಿಕ್ಷಕರಾಗಿದ್ದು, ಆ ಕೆಲಸ ಬಿಟ್ಟು ಅನುಭಾವದ ಹಾದಿ ಹಿಡಿದರು. ಶಿಗ್ಗಾಂವಿಯಲ್ಲಿ 1950ರಲ್ಲಿ ಜನಿಸಿದ ಶ್ರೀಮತಿ ಸುಧಾ ಮೂರ್ತಿಯವರು ಹುಬ್ಬಳ್ಳಿಯ ಬಿ.ವಿ.ಬಿ. ಇಂಜಿನಿಯರಿಂಗ್ ಕಾಲೇಜಿನಲ್ಲಿ ಓದಿ, ಹೆಣ್ಣುಮಕ್ಕಳಿಗೆ ಅಲ್ಲಿಯವರೆಗೆ ತೆರೆಯದಿದ್ದ ಟೆಲ್ಕೋ ಕಾರ್ಖಾನೆಯ ಬಾಗಿಲನ್ನು ತೆರೆಸಿ, ಮುಂದೆ ಅಧ್ಯಾಪನಕ್ಕೂ ಸಾಹಿತ್ಯಕ್ಕೂ ಸಮಾಜಸೇವೆಗೂ ತಿರುಗಿದರು. ಒಂದೇ ತಾಲೂಕಿನ ಮಣ್ಣಿನಲ್ಲಿ ಇಷ್ಟು ನಿದರ್ಶನಗಳಿರುವಾಗ, ನಡುವಯಸ್ಸಿನಲ್ಲಿ ಹೊಸ ಕೆಲಸ ಹಿಡಿಯುವುದು ಅಪರೂಪದ ಸಾಹಸವೆಂದು ನಾವು ಏಕೆ ಭಾವಿಸಬೇಕು?

ಸೈನ್ಯವೂ ಒಂದು ಪಾಠಶಾಲೆ

ಸೈನಿಕನೆಂದರೆ ಬಂದೂಕು ಹಿಡಿದು ಗಡಿಯಲ್ಲಿ ನಿಂತವನೆಂದೇ ನಮ್ಮ ಕಲ್ಪನೆ. ಆದರೆ ಇಂದಿನ ಸೈನ್ಯವು ಬಹುಮಟ್ಟಿಗೆ ಯಂತ್ರಗಳ ಮೇಲೆ ನಡೆಯುತ್ತದೆ. ಜಬಲ್ಪುರದ ಸಿಗ್ನಲ್ಸ್ ತರಬೇತಿ ಕೇಂದ್ರದಲ್ಲಿ ಸಂಪರ್ಕ ಸಾಧನಗಳ ಪಾಠ ನಡೆಯುತ್ತದೆ. ಸಿಕಂದರಾಬಾದಿನಲ್ಲಿ ಇ.ಎಂ.ಇ. ದಳದವರು ವಿದ್ಯುನ್ಮಾನ ಮತ್ತು ಯಂತ್ರಗಳ ದುರಸ್ತಿ ಕಲಿಯುತ್ತಾರೆ. ಬೆಂಗಳೂರಿನ ಜಾಲಹಳ್ಳಿಯಲ್ಲಿ ವಾಯುಪಡೆಯ ತಂತ್ರಜ್ಞರು ಸಿದ್ಧರಾಗುತ್ತಾರೆ. ನಮ್ಮ ಬೆಳಗಾವಿಯ ಸಾಂಬ್ರಾದಲ್ಲಿಯೂ ವಾಯುಪಡೆಯ ತರಬೇತಿ ಶಾಲೆಯಿದೆ.

ಸಿಗ್ನಲ್ಸ್ ದಳದಲ್ಲಿ ದುಡಿದವನಿಗೆ ಕಂಪ್ಯೂಟರ್ ಜಾಲಗಳ ನಿರ್ವಹಣೆ ಹತ್ತಿರದ ದಾರಿ. ಇ.ಎಂ.ಇ.ಯವನಿಗೆ ದತ್ತಾಂಶ ಕೇಂದ್ರಗಳ ಯಂತ್ರೋಪಕರಣ, ಬ್ಯಾಟರಿ ಹಾಗೂ ಶೀತಲ ವ್ಯವಸ್ಥೆಗಳ ಪಾಲನೆ ಒಗ್ಗುತ್ತದೆ. ದಾಸ್ತಾನು ವಿಭಾಗದ ಲೆಕ್ಕ ಇಟ್ಟವನು ಕಂಪನಿಗಳ ಸರಕು ನಿರ್ವಹಣಾ ತಂತ್ರಾಂಶವನ್ನು ಬೇಗ ಗ್ರಹಿಸುತ್ತಾನೆ. ಕ್ಲಾರ್ಕ್ ಆಗಿದ್ದವನಿಗೆ ತಂತ್ರಾಂಶ ಪರೀಕ್ಷೆ ಮತ್ತು ದಾಖಲೆಗಳ ಕೆಲಸ ಸಾಧ್ಯ.

ಇವೆಲ್ಲಕ್ಕಿಂತ ಮಿಗಿಲಾಗಿ, ಪದಾತಿದಳದ ಸಾಮಾನ್ಯ ಜವಾನನಿಗೂ ಒಗ್ಗುವ ಕ್ಷೇತ್ರವೊಂದಿದೆ. ಅದು ಸೈಬರ್ ಭದ್ರತೆ. ಬ್ಯಾಂಕು, ಆಸ್ಪತ್ರೆ, ಕಂಪನಿಗಳ ಕಂಪ್ಯೂಟರ್ ಜಾಲಕ್ಕೆ ಕಳ್ಳರು ನುಗ್ಗದಂತೆ ಹಗಲಿರುಳು ಮೂರು ಪಾಳಿಗಳಲ್ಲಿ ಕಾವಲು ಕಾಯುವ ಕೇಂದ್ರಗಳಿವೆ. ಅಲ್ಲಿ ಪರದೆಯ ಮೇಲೆ ಎಚ್ಚರಿಕೆಯ ಸೂಚನೆ ಬಂದಾಗ ಅದು ನಿಜವೋ ಸುಳ್ಳೋ ಎಂದು ಅಳೆಯಬೇಕು, ದಾಖಲಿಸಬೇಕು, ಮೇಲಿನವರಿಗೆ ತಕ್ಷಣ ತಿಳಿಸಬೇಕು, ಪಾಳಿ ಬದಲಾಗುವಾಗ ಮುಂದಿನವನಿಗೆ ಎಲ್ಲವನ್ನೂ ಒಪ್ಪಿಸಬೇಕು. ರಾತ್ರಿಯ ಗಸ್ತು ತಿರುಗಿ, ಗಾರ್ಡ್ ರಜಿಸ್ಟರಿನಲ್ಲಿ ಬರೆದವನಿಗೆ ಈ ಶಿಸ್ತನ್ನು ಯಾರೂ ಕಲಿಸಬೇಕಾಗಿಲ್ಲ. ಕಲಿಯಬೇಕಾದದ್ದು ಹೊಸ ಕಾವಲಿನ ನೆಲದ ಸ್ವರೂಪ ಮಾತ್ರ.

ದಾರಿ ಸವೆಸಿದವರು

ಗೊರೂರಿನ ಕ್ಯಾಪ್ಟನ್ ಜಿ.ಆರ್. ಗೋಪಿನಾಥರು ವಿಜಯಪುರದ ಸೈನಿಕ ಶಾಲೆಯಲ್ಲಿ ಓದಿ ಸೈನ್ಯ ಸೇರಿದರು, 1971ರ ಯುದ್ಧದಲ್ಲಿ ಪಾಲ್ಗೊಂಡರು. ಎಂಟು ವರ್ಷಗಳ ಸೇವೆಯ ನಂತರ ಹೊರಬಂದು ಮೊದಲು ರೈತರಾದರು, ರೇಷ್ಮೆ ಬೆಳೆದರು. 2003ರಲ್ಲಿ ಅವರು ಆರಂಭಿಸಿದ ಏರ್ ಡೆಕ್ಕನ್ ಸಾಮಾನ್ಯರನ್ನೂ ವಿಮಾನ ಹತ್ತಿಸಿತು. ಇಂಟರ್‌ನೆಟ್ಟಿನಲ್ಲಿಯೇ ಟಿಕೆಟು ಮಾರುವ ಪದ್ಧತಿಯನ್ನು ನಮ್ಮ ದೇಶದಲ್ಲಿ ಬೆಳೆಸಿದ ಸಂಸ್ಥೆಗಳಲ್ಲಿ ಅದೂ ಒಂದು. 1984ರಲ್ಲಿ ಅಂತರಿಕ್ಷಕ್ಕೆ ಹೋಗಿಬಂದ ವಾಯುಪಡೆಯ ರಾಕೇಶ ಶರ್ಮಾ ಅವರು ಸೇವೆಯಿಂದ ನಿವೃತ್ತರಾದ ಮೇಲೆ ಹಿಂದುಸ್ತಾನ್ ಏರೋನಾಟಿಕ್ಸಿನಲ್ಲಿ ಪರೀಕ್ಷಾ ವೈಮಾನಿಕರಾಗಿ, ಅನಂತರ ಬೆಂಗಳೂರಿನ ಆಟೊಮೇಟೆಡ್ ವರ್ಕ್‌ಫ್ಲೋ ಎಂಬ ಸಂಸ್ಥೆಯ ಆಡಳಿತ ಮಂಡಳಿಯ ಅಧ್ಯಕ್ಷರಾಗಿ ದುಡಿದರು.

ಇವರು ಅಧಿಕಾರಿಗಳು, ಜವಾನನ ಮಾತು ಬೇರೆ ಎಂದು ಯಾರಾದರೂ ಕೇಳಬಹುದು. ಪ್ರಶ್ನೆ ನ್ಯಾಯವಾದದ್ದೇ. ಅಂಥವರು ಅಮೆರಿಕದ ಡಗ್ಲಸ್ ಎಂಗೆಲ್ಬಾರ್ಟರನ್ನು ನೆನೆಯಬೇಕು. ಎರಡನೆಯ ಮಹಾಯುದ್ಧದ ಕಾಲದಲ್ಲಿ ನೌಕಾದಳದ ರಾಡಾರ್ ತಂತ್ರಜ್ಞನಾಗಿದ್ದ ಆತ, ಪರದೆಯ ಮೇಲೆ ಚುಕ್ಕೆಗಳು ಮೂಡುವುದನ್ನು ಕಂಡವನು. ಮುಂದೆ ಓದು ಮುಂದುವರಿಸಿ, ಇಂದು ಪ್ರತಿಯೊಂದು ಕಚೇರಿಯ ಮೇಜಿನ ಮೇಲಿರುವ ಕಂಪ್ಯೂಟರ್ ಮೌಸನ್ನು ರೂಪಿಸಿ 1968ರಲ್ಲಿ ಲೋಕಕ್ಕೆ ತೋರಿಸಿದನು. ಅಮೆರಿಕ ಸರಕಾರವು 1944ರಲ್ಲಿ ಮಾಡಿದ ಕಾನೂನಿನ ನೆರವಿನಿಂದ ಮಹಾಯುದ್ಧದಿಂದ ಮರಳಿದ ಸುಮಾರು 78 ಲಕ್ಷ ಸೈನಿಕರು ಶಿಕ್ಷಣ ಅಥವಾ ತರಬೇತಿ ಪಡೆದರು. ಸೈನಿಕನಿಗೆ ಹಾರದ ಜೊತೆಗೆ ಪುಸ್ತಕವನ್ನೂ ಕೊಟ್ಟ ದೇಶವು ಅದರ ಫಲವನ್ನು ತಾನೇ ಉಂಡಿತು.

ಎಲ್ಲಿ ಕಲಿಯಬೇಕು?

ಮೊದಲ ಹೆಜ್ಜೆಯನ್ನು ನಿವೃತ್ತಿಗೆ ಮುನ್ನವೇ ಇಡಬೇಕು. ರಕ್ಷಣಾ ಸಚಿವಾಲಯದ ಪುನರ್ವಸತಿ ಮಹಾನಿರ್ದೇಶನಾಲಯವು ಸೇವೆ ಮುಗಿಸಲಿರುವವರಿಗೆ ತರಬೇತಿ ಏರ್ಪಡಿಸುತ್ತದೆ. ಅದರಲ್ಲಿ ಮಾಹಿತಿ ತಂತ್ರಜ್ಞಾನದ ಪಾಠಗಳೂ ಇವೆ. ಜಿಲ್ಲಾ ಸೈನಿಕ ಕಲ್ಯಾಣ ಕಚೇರಿಯಲ್ಲಿ ಹೆಸರು ನೋಂದಾಯಿಸುವುದನ್ನು ಮರೆಯಬಾರದು.

ಊರಿಗೆ ಬಂದ ಮೇಲೆಯೂ ದಾರಿಗಳಿವೆ. ಐ.ಟಿ.ಐ.ಗಳಲ್ಲಿ ಕಂಪ್ಯೂಟರ್ ಆಪರೇಟರ್ ಹಾಗೂ ಪ್ರೋಗ್ರಾಮಿಂಗ್ ಸಹಾಯಕನ ಒಂದು ವರ್ಷದ ವೃತ್ತಿ ತರಬೇತಿಯಿದೆ. ಐ.ಐ.ಟಿ.ಗಳು ಮತ್ತು ಭಾರತೀಯ ವಿಜ್ಞಾನ ಸಂಸ್ಥೆ ಸೇರಿ ನಡೆಸುವ ಎನ್‌ಪಿಟಿಇಎಲ್ ಪಾಠಗಳನ್ನು ಹಾಗೂ ಕೇಂದ್ರ ಸರಕಾರದ 'ಸ್ವಯಂ' ಪಾಠಗಳನ್ನು ಮನೆಯಲ್ಲಿ ಕುಳಿತು ಉಚಿತವಾಗಿ ಕೇಳಬಹುದು. ಪ್ರಮಾಣಪತ್ರ ಬೇಕಾದವರು ಮಾತ್ರ ಪರೀಕ್ಷಾ ಶುಲ್ಕ ಕಟ್ಟಿದರಾಯಿತು. ಮುಂಬಯಿ ಐ.ಐ.ಟಿ.ಯ 'ಸ್ಪೋಕನ್ ಟ್ಯುಟೋರಿಯಲ್' ಪಾಠಗಳು ಕನ್ನಡದಲ್ಲಿಯೂ ದೊರೆಯುತ್ತವೆ. ತಡಸದಿಂದ ಹುಬ್ಬಳ್ಳಿಗೆ ಬಸ್ಸಿನಲ್ಲಿ ಹೋಗಿಬರುವುದು ಕಷ್ಟವಲ್ಲ. ಅಲ್ಲಿ ಸಾಫ್ಟ್‌ವೇರ್ ಟೆಕ್ನಾಲಜಿ ಪಾರ್ಕಿನ ಕೇಂದ್ರವೂ ಇದೆ.

ಎಡರುಗಳನ್ನು ಮರೆಮಾಚಬಾರದು

ಈ ದಾರಿ ಹೂವಿನ ಹಾಸಿಗೆಯೆಂದು ನಾವು ಹೇಳಲಾರೆವು. ಮೊದಲನೆಯ ತೊಡಕು ಇಂಗ್ಲಿಷಿನದು. ಎರಡನೆಯದು ಸೈನ್ಯದ ಕೆಲಸವನ್ನು ನಾಗರಿಕರ ಭಾಷೆಯಲ್ಲಿ ಹೇಳಲಾಗದಿರುವುದು. "ಹವಾಲ್ದಾರ, ಸಿಗ್ನಲ್ಸ್" ಎಂದಷ್ಟೇ ಬರೆದರೆ ಕಂಪನಿಯವರಿಗೆ ಏನೂ ತಿಳಿಯದು. ಎಷ್ಟು ಯಂತ್ರಗಳನ್ನು ನೋಡಿಕೊಂಡೆ, ಎಷ್ಟು ಜನರನ್ನು ನಡೆಸಿದೆ, ಯಾವ ದೋಷವನ್ನು ಹೇಗೆ ಸರಿಪಡಿಸಿದೆ ಎಂದು ಬಿಡಿಸಿ ಬರೆಯಬೇಕು. ಮೂರನೆಯದು ಮನಸ್ಸಿನ ತೊಡಕು. ನಲವತ್ತು ಜನರಿಗೆ ಆಜ್ಞೆ ಕೊಟ್ಟವನು ಇಪ್ಪತ್ತೈದರ ತರುಣನ ಕೈಕೆಳಗೆ ಕುಳಿತು, ತಿಳಿಯದ್ದನ್ನು ತಿಳಿಯದೆಂದು ಕೇಳಬೇಕಾಗುತ್ತದೆ. ಅರಸುತನ ಇಳಿಸಿಟ್ಟ ಮಾರಯ್ಯನವರು ಇಲ್ಲಿಯೇ ನೆನಪಾಗಬೇಕು.

ನಾಲ್ಕನೆಯದು ಹಣದ ವಿಷಯ. ನಿವೃತ್ತನ ಕೈಗೆ ಗ್ರ್ಯಾಚುಟಿ ಮೊದಲಾದ ದೊಡ್ಡ ಮೊತ್ತ ಒಮ್ಮೆಲೇ ಬರುತ್ತದೆ. ಅದರ ವಾಸನೆ ಹಿಡಿದು ಬರುವವರೂ ಇರುತ್ತಾರೆ. "ಇಷ್ಟು ಲಕ್ಷ ಕೊಡಿರಿ, ಸಾಫ್ಟ್‌ವೇರ್ ಕೆಲಸ ಖಚಿತ" ಎನ್ನುವವನನ್ನು ಬಾಗಿಲಿನಿಂದಲೇ ಹಿಂದೆ ಕಳಿಸಬೇಕು. ನ್ಯಾಯವಾದ ಕಂಪನಿ ಕೆಲಸ ಕೊಡಲು ಹಣ ಕೇಳುವುದಿಲ್ಲ. ಮೊದಲು ಆರು ತಿಂಗಳು ಉಚಿತ ಪಾಠಗಳಿಂದ ಕಲಿತು, ಈ ಕೆಲಸದಲ್ಲಿ ಮನಸ್ಸು ನಿಲ್ಲುವುದೇ ಎಂದು ಪರೀಕ್ಷಿಸಿಕೊಂಡ ಮೇಲೆಯೇ ಗಂಟು ಬಿಚ್ಚುವುದು ಲೇಸು.

ಮುಂದೆ ಬರಲಿರುವ ತರುಣರು

ಈ ಪ್ರಶ್ನೆ ಇನ್ನು ಮೂವತ್ತೈದರವರದಷ್ಟೇ ಅಲ್ಲ. 2022ರಲ್ಲಿ ಜಾರಿಗೆ ಬಂದ ಅಗ್ನಿಪಥ ಯೋಜನೆಯಂತೆ ಸೇರಿದ ತರುಣರಿಗೆ ನಾಲ್ಕು ವರ್ಷಗಳ ಸೇವೆ. ಯೋಜನೆ ಪ್ರಕಟವಾದಾಗ ಹೇಳಿದಂತೆ ಅವರಲ್ಲಿ ನೂರಕ್ಕೆ 25ರವರೆಗೆ ಮಾತ್ರ ಕಾಯಂ ಆಗುತ್ತಾರೆ. ಉಳಿದವರಿಗೆ ಸುಮಾರು 11.71 ಲಕ್ಷ ರೂಪಾಯಿಯ ಸೇವಾನಿಧಿ ದೊರೆಯುತ್ತದೆ, ಪಿಂಚಣಿ ಇಲ್ಲ. ಮೊದಲ ತಂಡ 2022ರ ಕೊನೆ ಮತ್ತು 2023ರ ಆರಂಭದಲ್ಲಿ ತರಬೇತಿಗೆ ಸೇರಿತು. ಆ ಲೆಕ್ಕದಂತೆ ಅವರ ನಾಲ್ಕು ವರ್ಷ ತುಂಬುವುದು 2026ರ ಕೊನೆ ಮತ್ತು 2027ರ ಆರಂಭದಲ್ಲಿ. ಇಪ್ಪತ್ತೆರಡು-ಇಪ್ಪತ್ಮೂರರ ಮಗ ಮನೆಗೆ ಬಂದಾಗ ಆ ನಿಧಿ ಮದುವೆಯ ಪೆಂಡಾಲಿಗೂ ಹೊಸ ಮೋಟಾರ್ ಸೈಕಲ್ಲಿಗೂ ಕರಗಬಾರದು. ಅದರಲ್ಲಿ ಒಂದು ಪಾಲು ಅವನ ವಿದ್ಯೆಗೆಂದು ತಂದೆತಾಯಿಗಳು ಇಂದೇ ನಿಶ್ಚಯಿಸಬೇಕು. ಪಿಂಚಣಿಯಿಲ್ಲದವನಿಗೆ ವಿದ್ಯೆಯೇ ಪಿಂಚಣಿ.

ಸಮಾಜದ ಹೊಣೆ

1916ರಲ್ಲಿ ಬೆಳಗಾವಿಯಲ್ಲಿ ಏಳು ಜನ ತರುಣ ಶಿಕ್ಷಕರು ಒಂದು ಶಾಲೆಯಿಂದ ಆರಂಭಿಸಿದ ಕೆ.ಎಲ್.ಇ. ಸಂಸ್ಥೆ ಇಂದು ಹೆಮ್ಮರವಾಗಿದೆ. ಅದರ ಕೊಂಬೆಯಾಗಿ 1947ರಲ್ಲಿ ಹುಬ್ಬಳ್ಳಿಯಲ್ಲಿ ಮೂಡಿದ ಬಿ.ವಿ. ಭೂಮರಡ್ಡಿ ಇಂಜಿನಿಯರಿಂಗ್ ಕಾಲೇಜು ಈಗ ತಾಂತ್ರಿಕ ವಿಶ್ವವಿದ್ಯಾಲಯವಾಗಿ ಬೆಳೆದಿದೆ. ಧಾರವಾಡದ ಮುರುಘಾಮಠದಂತಹ ಮಠಗಳ ಪ್ರಸಾದ ನಿಲಯಗಳಲ್ಲಿ ಉಂಡು ಓದಿದವರು ಎಷ್ಟೋ ಮನೆಗಳನ್ನು ಎತ್ತಿ ನಿಲ್ಲಿಸಿದ್ದಾರೆ. ಆ ದಾಸೋಹವು ಬಾಲಕರಿಗಾಗಿ ನಡೆದುಬಂದದ್ದು. ಮೂವತ್ತೈದರ ವಿದ್ಯಾರ್ಥಿಗೂ ಅದರಲ್ಲಿ ಒಂದು ಎಡೆಯಿರಲೆಂಬುದು ನಮ್ಮ ವಿನಂತಿ. ಊರ ಮಠದ ಒಂದು ಕೋಣೆ, ಎರಡು ಕಂಪ್ಯೂಟರ್, ಇಂಟರ್‌ನೆಟ್ ಸಂಪರ್ಕ, ಭಾನುವಾರ ಬಂದು ಸಂಶಯ ಬಿಡಿಸುವ ಊರಿನದೇ ಒಬ್ಬ ಇಂಜಿನಿಯರ್ ಹುಡುಗ ಅಥವಾ ಹುಡುಗಿ, ಇಷ್ಟಿದ್ದರೆ ಆರಂಭಕ್ಕೆ ಸಾಕು. ಆ ಕೋಣೆಯಲ್ಲಿ ನಿವೃತ್ತ ಸೈನಿಕನ ಪಕ್ಕದಲ್ಲಿ, ಮಕ್ಕಳನ್ನು ಶಾಲೆಗೆ ಕಳಿಸಿ ಬಂದ ಗೃಹಿಣಿಯೂ, ಕೆಲಸ ಕಳೆದುಕೊಂಡ ಶಿಕ್ಷಕನೂ ಕುಳಿತುಕೊಳ್ಳಲಿ.

ಮನೆಯವರಲ್ಲಿ ನಮ್ಮದು ಒಂದೇ ಪ್ರಾರ್ಥನೆ. ನಾಳೆ ಪಡಸಾಲೆಯಲ್ಲಿ ಕುಳಿತ ಮಗ "ಕಲೀಬೇಕಂತ ಮಾಡೇನಿ, ಅಪ್ಪಾ" ಎಂದಾಗ ವಯಸ್ಸನ್ನು ಎಣಿಸದಿರಿ. ದೇಶಕ್ಕಾಗಿ ಹದಿನೈದು ವರ್ಷ ನಿದ್ದೆಗೆಟ್ಟವನು ಮನೆಗಾಗಿ ಇನ್ನೆರಡು ವರ್ಷ ನಿದ್ದೆಗೆಡಲು ಸಿದ್ಧನಾಗಿದ್ದಾನೆ. ಓದುವ ಅವನ ಮುಂದೆ ರಾತ್ರಿ ಒಂದು ಲೋಟ ಹಾಲು ಇಟ್ಟರೆ ಅದೂ ದಾಸೋಹವೇ.