ಸರ್ವರ್ ಪದೇಪದೇ ನಿಲ್ಲುವುದೇಕೆ?

ಬೆಳಿಗ್ಗೆ ಚೆನ್ನಾಗಿದ್ದ ಜಾಲತಾಣ ಮಧ್ಯಾಹ್ನ ತೆರೆಯುವುದೇ ಇಲ್ಲ. ಸರ್ವರನ್ನು ರೀಸ್ಟಾರ್ಟ್ ಮಾಡಿದರೆ ಸರಿಹೋಗುತ್ತದೆ. ಕೆಲವು ಗಂಟೆಗಳಲ್ಲಿ ಮತ್ತೆ ಅದೇ ಪಾಡು. ರೀಸ್ಟಾರ್ಟ್ ಮಾಡಿದಾಗ ಜಾಲತಾಣ ಮರಳಿ ಬರುತ್ತದೆ ನಿಜ, ಆದರೆ ಮೆಮೊರಿಯಲ್ಲಿದ್ದ ಸುಳಿವುಗಳೂ ಅಳಿಸಿಹೋಗುತ್ತವೆ. ರೋಗ ಹಾಗೇ ಉಳಿಯುತ್ತದೆ.

1995ರಿಂದ ಬಳಕೆಯಲ್ಲಿರುವ ಅಪಾಚೆ ಸರ್ವರನ್ನೇ ನೋಡೋಣ. ಅದರ ‘ಪ್ರಿಫೋರ್ಕ್’ ವಿಧಾನದಲ್ಲಿ ಒಂದು ಕೋರಿಕೆಗೆ ಒಂದು ಪ್ರೊಸೆಸ್ ಮೀಸಲು. ಅಪಾಚೆಯ ಮೂಲ ಮಿತಿಯಂತೆ ಒಮ್ಮೆಗೆ ಹೆಚ್ಚೆಂದರೆ 256 ಪ್ರೊಸೆಸ್‌ಗಳು. ಪಂಕ್ತಿಯಲ್ಲಿ ಉಣ್ಣುತ್ತಿರುವವರು ಏಳುವವರೆಗೆ ಹೊರಗಿನವರು ಕಾಯಬೇಕಲ್ಲ, ಇಲ್ಲಿಯೂ ಹಾಗೆಯೇ.

ಹಾಗಾದರೆ ಜನ ಹೆಚ್ಚಾದದ್ದೇ ಕಾರಣವೇ? ಬಹಳ ಸಲ ಅಲ್ಲ. ಸರದಿಗಳ ಕುರಿತು ಅಮೆರಿಕದ ಜಾನ್ ಲಿಟ್ಲ್ 1961ರಲ್ಲಿ ಸಾಧಿಸಿ ತೋರಿಸಿದ ಸೂತ್ರವೊಂದಿದೆ: ಒಳಗಿರುವವರ ಸರಾಸರಿ ಸಂಖ್ಯೆಯೆಂದರೆ, ಬರುವವರ ವೇಗವನ್ನು ಒಬ್ಬೊಬ್ಬರು ಒಳಗೆ ಕಳೆಯುವ ಸರಾಸರಿ ಸಮಯದಿಂದ ಗುಣಿಸಿದ್ದು. ಸೆಕೆಂಡಿಗೆ 100 ಕೋರಿಕೆಗಳು ಬಂದು, ಪ್ರತಿಯೊಂದಕ್ಕೂ 0.1 ಸೆಕೆಂಡು ಹಿಡಿದರೆ 10 ಪ್ರೊಸೆಸ್‌ಗಳು ಸಾಕು. ಡೇಟಾಬೇಸ್ ನಿಧಾನವಾಗಿ ಆ ಸಮಯ 3 ಸೆಕೆಂಡಿಗೆ ಏರಿತೆನ್ನಿ. ಆಗ 300 ಬೇಕು. ಬರುವವರು ಒಬ್ಬರೂ ಹೆಚ್ಚಾಗಿಲ್ಲ, ಆದರೂ ಸರ್ವರ್ ಭರ್ತಿ!

ಮಿತಿಯನ್ನು 256ರಿಂದ 1000ಕ್ಕೆ ಏರಿಸಿಬಿಡೋಣ ಎಂದು ಅನಿಸುವುದು ಸಹಜ. ಅಪಾಯವಿರುವುದು ಅಲ್ಲೇ. ಒಂದು ಪ್ರೊಸೆಸ್ 50 ಎಂಬಿ ಮೆಮೊರಿ ಬಳಸುವುದಾದರೆ 256ಕ್ಕೇ ಸುಮಾರು 12.8 ಜಿಬಿ ಬೇಕು. ಯಂತ್ರದಲ್ಲಿರುವುದು 8 ಜಿಬಿಯಾದರೆ ಲಿನಕ್ಸ್ ಮೊದಲು ಡಿಸ್ಕ್‌ನ ಜಾಗವನ್ನು ಮೆಮೊರಿಯಂತೆ ಬಳಸತೊಡಗುತ್ತದೆ. ಕೆಲಸ ಇನ್ನಷ್ಟು ಕುಂಟುತ್ತದೆ. ಅದೂ ಸಾಲದಾದಾಗ ಹೆಚ್ಚು ಮೆಮೊರಿ ಹಿಡಿದಿರುವ ಪ್ರೊಸೆಸ್ಸನ್ನು ಆರಿಸಿ ಕೊನೆಗೊಳಿಸುತ್ತದೆ. ಅನೇಕ ವೇಳೆ ಬಲಿಯಾಗುವುದು ಡೇಟಾಬೇಸೇ. ಇಂಥ ಯಂತ್ರದಲ್ಲಿ ಮಿತಿಯನ್ನು 120ರ ಆಸುಪಾಸಿಗೆ ಇಳಿಸುವುದೇ ಕ್ಷೇಮ. ಕೆಲವರು ಕ್ಷಣಕಾಲ ಕಾಯಬೇಕಾದೀತು, ಸರ್ವರ್ ಮಾತ್ರ ಬೀಳುವುದಿಲ್ಲ.

ನಿಧಾನ ಎಲ್ಲಿದೆಯೆಂದು ತಿಳಿಯಲು ಅಪಾಚೆಯಲ್ಲೇ ಒಂದು ಸ್ಥಿತಿಪುಟವಿದೆ. ಪ್ರತಿ ಪ್ರೊಸೆಸ್ ಏನು ಮಾಡುತ್ತಿದೆ ಎಂಬುದನ್ನು ಅದು ಒಂದೊಂದು ಇಂಗ್ಲಿಷ್ ಅಕ್ಷರದಲ್ಲಿ ತೋರಿಸುತ್ತದೆ. ಎಲ್ಲೆಡೆ ‘ಆರ್’ ಕಂಡರೆ ಕೋರಿಕೆಗಳೇ ಪೂರ್ತಿ ಬಂದು ತಲುಪುತ್ತಿಲ್ಲ; ಅರೆಬರೆ ಕೋರಿಕೆ ಕಳಿಸಿ ಸತಾಯಿಸುವ ‘ಸ್ಲೋಲೋರಿಸ್’ ಮಾದರಿಯ ದಾಳಿಯೂ ಇರಬಹುದು. ‘ಕೆ’ ತುಂಬಿದ್ದರೆ ಉತ್ತರ ಪಡೆದ ಬ್ರೌಸರ್‌ಗಳು ಸಂಪರ್ಕ ಬಿಡದೆ ಕುಳಿತಿವೆ. ‘ಡಬ್ಲ್ಯೂ’ಗಳೇ ತುಂಬಿದ್ದರೆ ಉತ್ತರ ಸಿದ್ಧವಾಗಿ ಹೊರಡುವುದರಲ್ಲೇ ತಡ, ಡೇಟಾಬೇಸಿನತ್ತ ತಿರುಗಬೇಕು. ಅಲ್ಲಿನ ನಿಧಾನ ಪ್ರಶ್ನೆಗಳ ಲಾಗ್ ತೆರೆದರೆ, ಇಂಡೆಕ್ಸ್ ಇಲ್ಲದ ಒಂದು ಕೋಷ್ಟಕವನ್ನು ಪ್ರತಿ ಸಲವೂ ಮೊದಲಿನಿಂದ ಕೊನೆಯವರೆಗೆ ಜಾಲಾಡುತ್ತಿರುವುದು ಕಾಣಿಸಬಹುದು. ಸರಿಯಾದ ಒಂದು ಇಂಡೆಕ್ಸ್ ಸೆಕೆಂಡುಗಳನ್ನು ಮಿಲಿಸೆಕೆಂಡುಗಳಿಗೆ ಇಳಿಸಬಲ್ಲದು.

ಆದರೆ ಒಂದು ತೊಡಕಿದೆ: ಎಲ್ಲ ಪ್ರೊಸೆಸ್‌ಗಳೂ ಭರ್ತಿಯಾದಾಗ ಸ್ಥಿತಿಪುಟವನ್ನು ಕೊಡಲೂ ಪ್ರೊಸೆಸ್ ಉಳಿದಿರುವುದಿಲ್ಲ. ಆದ್ದರಿಂದ ಸ್ಥಿತಿಪುಟ, ಡೇಟಾಬೇಸಿನ ಪ್ರಶ್ನೆಗಳು, ಮೆಮೊರಿಯ ಬಳಕೆ ಈ ಮೂರರ ನಕಲೂ ನಿಮಿಷಕ್ಕೊಮ್ಮೆ ತಾನಾಗಿ ಉಳಿಯುವ ಏರ್ಪಾಡು ಸರ್ವರ್ ಆರೋಗ್ಯವಾಗಿರುವಾಗಲೇ ಆಗಬೇಕು. ಪ್ರತಿ ಕೋರಿಕೆಗೆ ಹಿಡಿದ ಸಮಯವನ್ನೂ ಲಾಗ್‌ನಲ್ಲಿ ಬರೆಸಬೇಕು. ಆ ಸಮಯ ದಿನದಿಂದ ದಿನಕ್ಕೆ ಏರುತ್ತಿದ್ದರೆ, ಸರ್ವರ್ ನಿಲ್ಲುವ ಮೊದಲೇ ಕಾರಣ ಕೈಗೆ ಸಿಗುತ್ತದೆ.