ಹುಕುಮಿಲ್ಲದ ಕುರ್ಚಿ

2022ರ ನವೆಂಬರ್ 23, ಬುಧವಾರ. ದೆಹಲಿಯ ಏಮ್ಸ್ ಆಸ್ಪತ್ರೆಯ ಸರ್ವರ್‌ಗಳು ಕೈಕೊಟ್ಟವು. ‘ಸರ್ವರ್ ಡೌನ್’ ಎಂಬ ಮಾತು ನಮ್ಮಲ್ಲಿ ಯಾರಿಗೂ ಹೊಸತಲ್ಲ. ನ್ಯಾಯಬೆಲೆ ಅಂಗಡಿಯಿಂದ ಸಬ್‌ರಿಜಿಸ್ಟ್ರಾರ್ ಕಚೇರಿಯವರೆಗೆ ಅದನ್ನು ಕೇಳಿ ಕೇಳಿ ಜನ ಒಗ್ಗಿಹೋಗಿದ್ದಾರೆ. ಒಂದು ಲೋಟ ಚಹಾ ಕುಡಿದು ಬಂದರೆ ಸರಿಹೋಗಿರುತ್ತದೆ ಎಂಬ ನಂಬಿಕೆಯೂ ಇದೆ. ಅಂದು ಹಾಗಾಗಲಿಲ್ಲ. ಯಾರೋ ಒಳನುಗ್ಗಿ ಐದು ಸರ್ವರ್‌ಗಳಲ್ಲಿದ್ದ ಸುಮಾರು 1.3 ಟೆರಾಬೈಟ್ ಮಾಹಿತಿಯನ್ನು ಗೂಢಲಿಪಿಗೆ ತಿರುಗಿಸಿ ಬೀಗ ಜಡಿದಿದ್ದರು. ಹೊರರೋಗಿಗಳ ನೋಂದಣಿ, ಲ್ಯಾಬ್ ವರದಿ, ಬಿಲ್ಲು ಎಲ್ಲವೂ ಎರಡು ವಾರದ ಹತ್ತಿರ ಕೈಬರಹದಲ್ಲೇ ನಡೆದವು.

ಸಂಸತ್ತಿನಲ್ಲಿ ಸರ್ಕಾರ ಕೊಟ್ಟ ಕಾರಣ ಚಿಕ್ಕದು: ಜಾಲವನ್ನು ಸರಿಯಾಗಿ ವಿಭಾಗಿಸಿರಲಿಲ್ಲ. ಒಳಬಾಗಿಲುಗಳೇ ಇಲ್ಲದ ದೊಡ್ಡ ತೊಟ್ಟಿಮನೆಯನ್ನು ನೆನೆಸಿಕೊಳ್ಳಿ. ಹಿತ್ತಲಿಂದ ನುಸುಳಿದ ಕಳ್ಳ ಅಡುಗೆಮನೆ, ನಡುಮನೆ ದಾಟಿ ತಿಜೋರಿಯವರೆಗೂ ಆರಾಮಾಗಿ ನಡೆದುಹೋಗಬಹುದು. ಘಟನೆಯ ಬೆನ್ನಿಗೇ ಇಬ್ಬರು ಸಿಸ್ಟಂ ಅನಲಿಸ್ಟ್‌ಗಳು ಅಮಾನತಾದರು. ಆದರೆ ಒಳಬಾಗಿಲು ಇಡಿಸುವುದು ಅನಲಿಸ್ಟ್ ಮಟ್ಟದಲ್ಲಿ ತೀರ್ಮಾನವಾಗುವ ಕೆಲಸವಲ್ಲ. ಅದಕ್ಕೆ ಹಣ ಬೇಕು, ಕೆಲವು ದಿನ ಸೇವೆ ನಿಲ್ಲಿಸುವ ಒಪ್ಪಿಗೆ ಬೇಕು, ಹಿರಿಯರ ಮುಂದೆ ಕೂತು ಹಟ ಹಿಡಿಯುವ ಒಬ್ಬರು ಬೇಕು.

ಆ ಒಬ್ಬರ ಹುದ್ದೆಯ ಹೆಸರು ಮುಖ್ಯ ಮಾಹಿತಿ ಭದ್ರತಾ ಅಧಿಕಾರಿ. ಕಚೇರಿಗಳಲ್ಲಿ ಅಷ್ಟುದ್ದ ಹೇಳುವವರು ಕಡಿಮೆ. ‘ಸಿಸೊ’ ಅಂದರೆ ಸಾಕು. ಭಾರತ ಸರ್ಕಾರದ ಪ್ರತಿ ಸಚಿವಾಲಯಕ್ಕೂ ಒಬ್ಬ ಸಿಸೊ ಇರಬೇಕೆಂಬ ನಿಯಮವಿದೆ. 2018ರ ಜನವರಿಯಲ್ಲಿ ಶುರುವಾದ ‘ಸೈಬರ್ ಸುರಕ್ಷಿತ್ ಭಾರತ್’ ಯೋಜನೆ ಇವರಿಗೆಂದೇ ತರಬೇತಿ ನಡೆಸುತ್ತ ಬಂದಿದೆ. ನಿಯಮ ಮತ್ತು ನಡೆಯ ನಡುವೆ ‘ಹೆಚ್ಚುವರಿ ಹೊಣೆ’ ಎಂಬ ಎರಡು ಪದಗಳಿವೆ, ಅಷ್ಟೆ. ಬೇರೊಂದು ಕೆಲಸದಲ್ಲಿ ಮುಳುಗಿರುವ ಅಧಿಕಾರಿಯ ಹೆಗಲಿಗೇ ಇದನ್ನೂ ಏರಿಸಿದರೆ ಆದೇಶದ ಪ್ರತಿಯಲ್ಲಿ ಕುರ್ಚಿ ಭರ್ತಿಯಾಗುತ್ತದೆ.

ಕುರ್ಚಿಯಲ್ಲಿ ಕೂತವರ ದಿನ ಹೇಗಿರುತ್ತದೆ? ಸಿನಿಮಾದಲ್ಲಿ ತೋರಿಸುವ ಹಾಗೆ ಕತ್ತಲ ಕೋಣೆಯಲ್ಲಿ ಹಸಿರು ಅಕ್ಷರ ಓಡುವುದಿಲ್ಲ. ಮೊದಲ ಕೆಲಸ ಲೆಕ್ಕ: ಇಲಾಖೆಯಲ್ಲಿ ಎಷ್ಟು ಕಂಪ್ಯೂಟರ್, ಎಷ್ಟು ಸರ್ವರ್, ಯಾವುದರಲ್ಲಿ ಯಾವ ಕಾಲದ ತಂತ್ರಾಂಶ, ಯಾರ ಕೈಯಲ್ಲಿ ಯಾವ ಪಾಸ್‌ವರ್ಡ್. ವರ್ಗವಾಗಿ ಹೋದ ಅಧಿಕಾರಿಯ ಲಾಗಿನ್ ಇನ್ನೂ ಜೀವಂತವಾಗಿದೆಯೇ ಎಂದು ನೋಡುವುದೂ ಇದರಲ್ಲೇ ಬಂತು. 2022ರ ಏಪ್ರಿಲ್ 28ರಂದು ಸರ್ಟ್-ಇನ್ ಹೊರಡಿಸಿದ ನಿರ್ದೇಶನದಂತೆ ದಾಳಿ ಗಮನಕ್ಕೆ ಬಂದ 6 ಗಂಟೆಯೊಳಗೆ ವರದಿ ಹೋಗಬೇಕು, ಯಂತ್ರಗಳ ದಿನಚರಿ ಎನ್ನಬಹುದಾದ ಲಾಗ್‌ಗಳನ್ನು 180 ದಿನ ಕಾಪಿಡಬೇಕು. ಸರ್ಟ್-ಇನ್ ಎಂದರೆ 2004ರಿಂದ ಕೆಲಸ ಮಾಡುತ್ತಿರುವ, ದೇಶದ ಕಂಪ್ಯೂಟರ್ ತುರ್ತು ಸ್ಪಂದನ ತಂಡ.

ಇನ್ನೊಂದು ಕೆಲಸ, ಬೇಡ ಎನ್ನುವುದು. ಹೊಸ ಸರ್ಕಾರಿ ಜಾಲತಾಣವನ್ನು ಮಾನ್ಯತೆ ಪಡೆದ ಲೆಕ್ಕಪರಿಶೋಧಕರು ಜಾಲಾಡಿ ‘ಸೇಫ್ ಟು ಹೋಸ್ಟ್’ ಪ್ರಮಾಣಪತ್ರ ಕೊಟ್ಟ ಮೇಲೆಯೇ ಅದು ಜನರ ಮುಂದೆ ಬರಬೇಕು. ಇತ್ತ ಉದ್ಘಾಟನೆಯ ದಿನ ಗೊತ್ತಾಗಿರುತ್ತದೆ, ಆಹ್ವಾನಪತ್ರಿಕೆ ಅಚ್ಚಾಗಿರುತ್ತದೆ, ಸಚಿವರು ಒತ್ತಬೇಕಾದ ಗುಂಡಿಯೂ ಸಿದ್ಧ. ಪ್ರಮಾಣಪತ್ರವೊಂದು ಬಂದಿರುವುದಿಲ್ಲ. ಅಂಥ ಹೊತ್ತಿನಲ್ಲಿ ಕಡತದ ಮೇಲೆ ‘ಮುಂದೂಡುವುದು ಸೂಕ್ತ’ ಎಂದು ಬರೆದು ಸಹಿ ಹಾಕುವ ಎದೆಗಾರಿಕೆ ಯಾವ ಕೋರ್ಸಿನಲ್ಲೂ ಸಿಕ್ಕುವುದಿಲ್ಲ.

ಎಚ್ಚರಿಕೆಯನ್ನು ಬರೆಯಬಹುದು, ಜಾರಿ ಮಾಡಿಸುವ ಹುಕುಂ ಕೈಯಲ್ಲಿರುವುದಿಲ್ಲ. ಈ ಹುದ್ದೆಯ ಎಲ್ಲ ಕಷ್ಟಗಳೂ ಕೊನೆಗೆ ಇಲ್ಲಿಗೇ ಬಂದು ಮುಟ್ಟುತ್ತವೆ. ಇದನ್ನು ದೊಡ್ಡ ಬೆಲೆ ತೆತ್ತು ಕಲಿತ ದೇಶ ಅಮೆರಿಕ.

ಅಲ್ಲಿ ಒಪಿಎಂ ಎಂಬ ಕಚೇರಿಯಿದೆ, ನಮ್ಮ ರಾಜ್ಯದ ಸಿಬ್ಬಂದಿ ಮತ್ತು ಆಡಳಿತ ಸುಧಾರಣೆ ಇಲಾಖೆಯ (ಡಿಪಿಎಆರ್) ಥರ: ಕೇಂದ್ರ ಸರ್ಕಾರಿ ನೌಕರರ ನೇಮಕಾತಿ, ಸೇವಾ ದಾಖಲೆ, ಪಿಂಚಣಿ ನೋಡಿಕೊಳ್ಳುವ ಜಾಗ. ಗುಟ್ಟಿನ ಕೆಲಸಕ್ಕೆ ಸೇರುವವರ ಪೂರ್ವಾಪರ ವಿಚಾರಣೆಯ ಕಡತಗಳೂ ಅಲ್ಲೇ ಇರುತ್ತಿದ್ದವು. ಆ ವಿಚಾರಣೆಗೆ ತುಂಬಿಸುವ ನಮೂನೆ ನೂರಿಪ್ಪತ್ತಕ್ಕೂ ಹೆಚ್ಚು ಪುಟದ್ದು. ಸಾಲ ಎಷ್ಟಿದೆ, ಯಾವ ದೇಶದಲ್ಲಿ ಯಾರು ನೆಂಟರು, ಮಾನಸಿಕ ಚಿಕಿತ್ಸೆ ಪಡೆದದ್ದುಂಟೆ, ಕುಡಿತದ ಅಭ್ಯಾಸ ಹೇಗೆ... ಹೆಂಡತಿಗೂ ಹೇಳದಿದ್ದದ್ದನ್ನು ಆ ನಮೂನೆಗೆ ಹೇಳಿರುತ್ತಾರೆ. ಕಚೇರಿಯ ಆಂತರಿಕ ಲೆಕ್ಕಪರಿಶೋಧಕರು ಭದ್ರತೆ ಸಡಿಲವಾಗಿದೆ ಎಂದು 2007ರಿಂದಲೂ ವರದಿಗಳಲ್ಲಿ ಬರೆಯುತ್ತಲೇ ಬಂದಿದ್ದರು. 2014ರ ನವೆಂಬರಿನ ವರದಿಯಲ್ಲಂತೂ, ಸರಿಯಾದ ಅನುಮತಿಯಿಲ್ಲದೆ ಓಡುತ್ತಿರುವ ವ್ಯವಸ್ಥೆಗಳನ್ನು ನಿಲ್ಲಿಸುವ ಬಗ್ಗೆ ಯೋಚಿಸಿ ಎಂದೇ ಸೂಚಿಸಿದರು. ನಿಲ್ಲಿಸಿದರೆ ಕೆಲಸ ಕೆಡುತ್ತದಲ್ಲ ಎಂದು ಆಡಳಿತ ಹಿಂಜರಿಯಿತು.

2015ರ ಏಪ್ರಿಲ್‌ನಲ್ಲಿ ಗೊತ್ತಾಯಿತು, ಕಳ್ಳರು ಆಗಲೇ ಬಂದು ಹೋಗಿದ್ದರೆಂದು. ವಿಚಾರಣಾ ಕಡತಗಳಲ್ಲಿದ್ದ 2 ಕೋಟಿ 15 ಲಕ್ಷ ಜನರ ವಿವರ ಸೋರಿತ್ತು; 56 ಲಕ್ಷ ಜನರ ಬೆರಳಚ್ಚು ಕೂಡ. ಪಾಸ್‌ವರ್ಡ್ ಆದರೆ ಬದಲಿಸಿಕೊಳ್ಳಬಹುದು, ಬೆರಳು ಬದಲಿಸುವುದೆಲ್ಲಿ? ಜುಲೈನಲ್ಲಿ ಒಪಿಎಂ ನಿರ್ದೇಶಕಿ ಕ್ಯಾಥರೀನ್ ಆರ್ಚುಲೇಟಾ ರಾಜೀನಾಮೆ ಕೊಟ್ಟರು. ಮಾಹಿತಿ ವಿಭಾಗದ ಮುಖ್ಯಸ್ಥೆ ಡೋನಾ ಸೀಮೋರ್ 2016ರ ಫೆಬ್ರುವರಿಯಲ್ಲಿ, ಸಂಸದೀಯ ಸಮಿತಿಯ ಎದುರು ಹಾಜರಾಗಬೇಕಿದ್ದಕ್ಕೆ ಎರಡೇ ದಿನ ಮೊದಲು, ಹುದ್ದೆ ಬಿಟ್ಟರು. ತಮಾಷೆಯೆಂದರೆ, ತಾವು ಬರುವ ಮುಂಚೆಯೇ ಹಳತಾಗಿ ಕೂತಿದ್ದ ಯಂತ್ರಗಳನ್ನು ಬದಲಿಸಲು ಹೊರಟವರು ಇವರೇ.

ಆ ಫೆಬ್ರುವರಿಯಲ್ಲೇ ಒಬಾಮ ಸರ್ಕಾರ ಇಡೀ ಕೇಂದ್ರ ಸರ್ಕಾರಕ್ಕೆ ಒಬ್ಬ ಸಿಸೊ ಬೇಕೆಂದು ಹೊಸ ಹುದ್ದೆ ಸೃಷ್ಟಿಸಿತು. ಜಾಹೀರಾತಿನಲ್ಲಿದ್ದ ಗರಿಷ್ಠ ವಾರ್ಷಿಕ ಸಂಬಳ 1,85,100 ಡಾಲರ್. ನಮಗೆ ದೊಡ್ಡ ಮೊತ್ತವಾಗಿ ಕಾಣುತ್ತದೆ, ಆದರೆ ಅಲ್ಲಿನ ದೊಡ್ಡ ಬ್ಯಾಂಕೊಂದರ ಸಿಸೊ ಇದರ ಎರಡು ಮೂರು ಪಟ್ಟು ಎಣಿಸುತ್ತಾರೆ. ಸೆಪ್ಟೆಂಬರಿನಲ್ಲಿ ಆಯ್ಕೆಯಾದವರು ವಾಯುಪಡೆಯ ನಿವೃತ್ತ ಬ್ರಿಗೇಡಿಯರ್ ಜನರಲ್ ಗ್ರೆಗರಿ ಟೂಹಿಲ್. 2017ರ ಜನವರಿಯಲ್ಲಿ ಸರ್ಕಾರ ಬದಲಾಯಿತು, ಟೂಹಿಲ್ ಹೊರನಡೆದರು. ಲೆಕ್ಕ ಹಾಕಿದರೆ ಕುರ್ಚಿಯಲ್ಲಿ ಕೂತದ್ದು ನಾಲ್ಕು ತಿಂಗಳು ಚಿಲ್ಲರೆ. ಸಂಬಳದ ಕೊರತೆ ಅಲ್ಲಿನ ಸರ್ಕಾರಕ್ಕೂ ಗೊತ್ತಿತ್ತು. 2021ರ ನವೆಂಬರಿನಲ್ಲಿ ಆಂತರಿಕ ಭದ್ರತಾ ಇಲಾಖೆ ಸೈಬರ್ ಪರಿಣತರಿಗೆಂದೇ ಬೇರೆ ವೇತನ ಪದ್ಧತಿ ತಂದು, ಮೇಲಿನ ಹಂತವನ್ನು ದೇಶದ ಉಪಾಧ್ಯಕ್ಷರ ಸಂಬಳದ ಮಟ್ಟಕ್ಕೆ ಏರಿಸಿತು.

ಇಂಥ ಕುರ್ಚಿಗೆ ಯಾರು ಬರುತ್ತಾರೆ? ಕಂಪ್ಯೂಟರ್ ಎಂಜಿನಿಯರಿಂಗ್‌ನ ರ‍್ಯಾಂಕ್ ವಿದ್ಯಾರ್ಥಿಗಳೇ ಇರಬೇಕು ಎಂದುಕೊಂಡರೆ ಪಟ್ಟಿ ನೋಡಿ ಅಚ್ಚರಿಯಾದೀತು. ಒಬಾಮ ಕಾಲದಲ್ಲಿ ಶ್ವೇತಭವನದ ಸೈಬರ್ ಸಂಯೋಜಕರಾಗಿದ್ದ ಹೊವರ್ಡ್ ಶ್ಮಿಟ್ ಒಂದು ಕಾಲಕ್ಕೆ ಅರಿಜೋನಾದ ಚಾಂಡ್ಲರ್ ಎಂಬ ಊರಿನಲ್ಲಿ ಪೊಲೀಸ್ ಆಗಿದ್ದವರು. ಅಮೆರಿಕದ ಸೈಬರ್ ಭದ್ರತಾ ಸಂಸ್ಥೆ ‘ಸಿಸಾ’ದ ಮೊದಲ ನಿರ್ದೇಶಕ ಕ್ರಿಸ್ ಕ್ರೆಬ್ಸ್ ಓದಿದ್ದು ಪರಿಸರ ವಿಜ್ಞಾನ, ಆಮೇಲೆ ಕಾನೂನು. ಅವರ ನಂತರ ಬಂದ ಜೆನ್ ಈಸ್ಟರ್ಲಿ ಸೇನೆಯ ಗುಪ್ತಚರ ವಿಭಾಗದಲ್ಲಿ ಬೆಳೆದು, ಮೋರ್ಗನ್ ಸ್ಟಾನ್ಲಿ ಬ್ಯಾಂಕಿಗೆ ಹೋಗಿ, ಮತ್ತೆ ಸರ್ಕಾರಕ್ಕೆ ಮರಳಿದವರು.

ಬ್ರಿಟನ್ನಿನ ಕಥೆ ಇನ್ನೂ ಸೊಗಸು. 2016ರಲ್ಲಿ ಅಲ್ಲಿ ರಾಷ್ಟ್ರೀಯ ಸೈಬರ್ ಭದ್ರತಾ ಕೇಂದ್ರ ಶುರುವಾದಾಗ ಅದರ ಮುಖ್ಯಸ್ಥರಾದ ಕಿಯರನ್ ಮಾರ್ಟಿನ್ ಆಕ್ಸ್‌ಫರ್ಡಿನಲ್ಲಿ ಓದಿದ್ದು ಇತಿಹಾಸ. ಸ್ಕಾಟ್ಲೆಂಡಿನ ಸ್ವಾತಂತ್ರ್ಯದ ಜನಮತಗಣನೆ ಹೇಗೆ ನಡೆಯಬೇಕೆಂಬ ಮಾತುಕತೆಯಲ್ಲಿ ಲಂಡನ್ ಸರ್ಕಾರದ ಪರವಾಗಿ ಕೂತ ಅಧಿಕಾರಿ ಅವರು. ಮುಂದೆ ಅದೇ ಕುರ್ಚಿಗೆ ಬಂದ ಲಿಂಡಿ ಕ್ಯಾಮೆರಾನ್ ವಿದೇಶಿ ನೆರವಿನ ಇಲಾಖೆಯಲ್ಲಿ ಬಹುಕಾಲ ದುಡಿದವರು; 2024ರಲ್ಲಿ ಅವರು ಭಾರತಕ್ಕೆ ಬ್ರಿಟನ್ನಿನ ಹೈಕಮಿಷನರ್ ಆಗಿ ದೆಹಲಿಗೇ ಬಂದರು. ಯಂತ್ರದ ಭಾಷೆ ಬಲ್ಲ ನೂರಾರು ಜನ ಕೈಕೆಳಗೆ ಇರುತ್ತಾರೆ. ಅವರು ಹೇಳಿದ್ದನ್ನು ಹಣಕಾಸು ಇಲಾಖೆಗೆ ತಿಳಿಯುವ ಭಾಷೆಗೆ ತಿರುಗಿಸಿ, ಸಚಿವರಿಗೆ ಐದು ನಿಮಿಷದಲ್ಲಿ ದಾಟಿಸುವವರು ಮೇಲೆ ಬೇಕು. ಹಾಗೆಂದು ತಾಂತ್ರಿಕ ಜ್ಞಾನ ಇಲ್ಲದೆಯೂ ನಡೆದೀತು ಎಂಬ ವಾದವನ್ನು ಒಪ್ಪಲಾಗದು. ಕೈಕೆಳಗಿನವರು ಹೇಳುತ್ತಿರುವುದು ಸರಿಯೋ ತಪ್ಪೋ ಎಂದು ಅಳೆಯಲು ಬಾರದವರನ್ನು ಮಾರಾಟಗಾರರು ಸುಲಭವಾಗಿ ಯಾಮಾರಿಸುತ್ತಾರೆ.

ಮಾರ್ಟಿನ್ ಅವರ ಕೇಂದ್ರವನ್ನು ರಾಣಿ ಎಲಿಜಬೆತ್ ಉದ್ಘಾಟಿಸಿದ್ದು 2017ರ ಫೆಬ್ರುವರಿ 14ರಂದು. ಮೂರು ತಿಂಗಳು ತುಂಬುವ ಮೊದಲೇ, ಮೇ 12ರ ಶುಕ್ರವಾರ, ವನ್ನಾಕ್ರೈ ಎಂಬ ಸುಲಿಗೆ ತಂತ್ರಾಂಶ ಬಂತು. ಇಂಗ್ಲೆಂಡಿನ 236 ಸರ್ಕಾರಿ ಆಸ್ಪತ್ರೆ ಟ್ರಸ್ಟ್‌ಗಳಲ್ಲಿ ಮೂರನೇ ಒಂದರಷ್ಟಕ್ಕೆ ಬಿಸಿ ತಟ್ಟಿತು. ರದ್ದಾದ ಭೇಟಿಗಳು ಸುಮಾರು 19,000 ಎಂದು ಆಮೇಲೆ ಅಂದಾಜಾಯಿತು. ಅದು ನುಸುಳಿದ ಬಿರುಕನ್ನು ಮುಚ್ಚುವ ತೇಪೆಯನ್ನು ಹಾಕಿಕೊಳ್ಳಿ ಎಂದು ಆಸ್ಪತ್ರೆಗಳಿಗೆ ಮಾರ್ಚ್ ಮತ್ತು ಏಪ್ರಿಲ್ ತಿಂಗಳಲ್ಲೇ ಸೂಚನೆ ಹೋಗಿತ್ತು. ಹಾಕಿಕೊಂಡೇ ತೀರಬೇಕು ಎಂದು ಗದರುವವರು ಯಾರೂ ಇರಲಿಲ್ಲ.

ಭಾರತದಲ್ಲಿ ಈ ಏಣಿಯ ತುದಿ ರಾಷ್ಟ್ರೀಯ ಸೈಬರ್ ಭದ್ರತಾ ಸಂಯೋಜಕರ ಹುದ್ದೆ. 2015ರಲ್ಲಿ ಮೊದಲು ಅಲ್ಲಿಗೆ ಹೋದವರು ಸರ್ಟ್-ಇನ್ ಅನ್ನು ನಡೆಸಿದ್ದ ವಿಜ್ಞಾನಿ ಗುಲ್ಶನ್ ರಾಯ್. ಬಳಿಕ 2019ರಲ್ಲಿ ಲೆಫ್ಟಿನೆಂಟ್ ಜನರಲ್ ರಾಜೇಶ್ ಪಂತ್, 2023ರಲ್ಲಿ ಲೆಫ್ಟಿನೆಂಟ್ ಜನರಲ್ ಎಂ. ಯು. ನಾಯರ್, ಇಬ್ಬರೂ ಸೇನೆಯ ಸಿಗ್ನಲ್ಸ್ ದಳದವರು. ತಂತಿ ಎಳೆದು, ಸಂದೇಶ ಸೋರದಂತೆ ನೋಡಿಕೊಳ್ಳುವುದೇ ಕಸುಬಾದ ದಳ ಅದು. ಈ ಆಯ್ಕೆಗೆ ಅರ್ಥವಿದೆ. ಸೈಬರ್ ಅಪರಾಧದ ಕಡೆ, 1930 ಸಹಾಯವಾಣಿಯ ಹಿಂದಿರುವ ಗೃಹ ಸಚಿವಾಲಯದ ಕೇಂದ್ರವನ್ನು ಐಪಿಎಸ್ ಅಧಿಕಾರಿ ನಡೆಸುತ್ತಾರೆ. ಹೀಗೆ ವಿಜ್ಞಾನಿ, ಸೈನಿಕ, ಪೊಲೀಸ್ ಎಂಬ ಮೂರು ದಾರಿಗಳು. ಒಬ್ಬರ ಗಡಿ ಎಲ್ಲಿ ಮುಗಿದು ಇನ್ನೊಬ್ಬರದು ಎಲ್ಲಿ ಶುರು ಎಂಬ ಜಿಜ್ಞಾಸೆ ಬಹಳ ವರ್ಷ ಎಳೆದಾಡಿತು. 2024ರ ಸೆಪ್ಟೆಂಬರಿನಲ್ಲಿ ಕೇಂದ್ರ ತನ್ನ ಕೆಲಸ ಹಂಚಿಕೆಯ ನಿಯಮ ತಿದ್ದಿ, ಒಟ್ಟಾರೆ ಸಮನ್ವಯವನ್ನು ರಾಷ್ಟ್ರೀಯ ಭದ್ರತಾ ಮಂಡಳಿಯ ಸಚಿವಾಲಯಕ್ಕೆ, ಅಪರಾಧವನ್ನು ಗೃಹಕ್ಕೆ, ದೂರಸಂಪರ್ಕ ಜಾಲವನ್ನು ಆ ಇಲಾಖೆಗೆ ಎಂದು ಬರೆದುಕೊಟ್ಟಿತು.

ಮೆಟ್ಟಿಲ ಕೆಳಗಿನಿಂದ ಹತ್ತುವವರು ಸರ್ಕಾರದ ಮಾಹಿತಿ ತಂತ್ರಜ್ಞಾನ ಸಂಸ್ಥೆ ಎನ್‌ಐಸಿ ಅಥವಾ ಸರ್ಟ್-ಇನ್‌ನಲ್ಲಿ ‘ಸೈಂಟಿಸ್ಟ್-ಬಿ’ ಎಂದು ಸೇರಿ ಅಕ್ಷರದಿಂದ ಅಕ್ಷರಕ್ಕೆ ಬಡ್ತಿ ಪಡೆಯುತ್ತಾರೆ. ‘ಜಿ’ ತಲುಪುವ ಹೊತ್ತಿಗೆ ತಲೆ ನರೆತಿರುತ್ತದೆ. ಬೆಂಗಳೂರಿನ ಸಿ-ಡ್ಯಾಕ್‌ನಂಥ ಸಂಸ್ಥೆಗಳ ಡಿಪ್ಲೊಮಾ ಮೊದಲ ಕೆಲಸ ಹುಡುಕಲು ಸಾಕು. ಸಿಐಎಸ್‌ಎಸ್‌ಪಿಯಂಥ ಭದ್ರತಾ ಪರಿಣತಿಯ ಪ್ರಮಾಣಪತ್ರ ಪೂರ್ತಿಯಾಗಿ ಕೈಗೆ ಬರಲು ಸಾಮಾನ್ಯವಾಗಿ ಐದು ವರ್ಷದ ಅನುಭವ ಬೇಕು. ಆಮೇಲಿನ ಕಲಿಕೆ ಮಾತ್ರ ಕಡತಗಳ ನಡುವೆಯೇ ಆಗಬೇಕು.

ಕರ್ನಾಟಕಕ್ಕೆ ಈ ವಿಷಯದಲ್ಲಿ ಹಳೆಯ ಹೆಮ್ಮೆಯೊಂದಿದೆ: ದೇಶದ ಮೊದಲ ಸೈಬರ್ ಅಪರಾಧ ಪೊಲೀಸ್ ಠಾಣೆ 2001ರಲ್ಲಿ ಬೆಂಗಳೂರಿನಲ್ಲೇ ಶುರುವಾಯಿತು. ಹಳೆಯ ಗಾಯವೂ ಇದೆ. 2019ರಲ್ಲಿ ರಾಜ್ಯದ ಇ-ಪ್ರೊಕ್ಯೂರ್‌ಮೆಂಟ್ ತಾಣದೊಳಗೆ ನುಸುಳಿದವರು, ಗುತ್ತಿಗೆದಾರರು ಟೆಂಡರಿಗೆಂದು ಕಟ್ಟಿದ್ದ ಇಎಂಡಿ ಹಣದಲ್ಲಿ 11 ಕೋಟಿ ರೂಪಾಯಿಗೂ ಹೆಚ್ಚು ಲಪಟಾಯಿಸಿದ್ದರು. ಭಾರತೀಯ ವಿಜ್ಞಾನ ಸಂಸ್ಥೆಯ ಆಸರೆಯಲ್ಲಿ ರಾಜ್ಯ ಕಟ್ಟಿರುವ ‘ಸೈಸೆಕ್’ ಕೇಂದ್ರ ತರಬೇತಿ, ಸಂಶೋಧನೆಗಳಲ್ಲಿ ತೊಡಗಿದೆ. 2024ರಲ್ಲಿ ರಾಜ್ಯ ತನ್ನದೇ ಸೈಬರ್ ಭದ್ರತಾ ನೀತಿಯನ್ನೂ ಹೊರತಂದಿತು.

ಸಿಸೊ ಯಾರಿಗೆ ವರದಿ ಒಪ್ಪಿಸಬೇಕು ಎಂಬುದು ಮೇಲ್ನೋಟಕ್ಕೆ ಕಚೇರಿ ಜಗಳದಂತೆ ಕಂಡರೂ ತಿರುಳು ಇರುವುದು ಅಲ್ಲೇ. ಯಂತ್ರಗಳನ್ನು ಓಡಿಸುವ ಮುಖ್ಯಸ್ಥರ ಕೈಕೆಳಗೆ ಅವರನ್ನು ಕೂರಿಸಿದರೆ, ಅಡುಗೆಯವರ ಕೈಕೆಳಗೆ ರುಚಿ ನೋಡುವವರನ್ನು ಇಟ್ಟ ಹಾಗೆ. ಸರ್ಟ್-ಇನ್ 2023ರ ಜೂನ್‌ನಲ್ಲಿ ಸರ್ಕಾರಿ ಕಚೇರಿಗಳಿಗೆಂದು ಹೊರಡಿಸಿದ ಮಾರ್ಗಸೂಚಿ, ಭದ್ರತೆಯ ತಂಡ ಐಟಿ ನಿರ್ವಹಣೆಯ ತಂಡದಿಂದ ಬೇರೆಯೇ ಇರಬೇಕು ಎಂದಿತು.

ಇಂಥ ಕುರ್ಚಿ ಭದ್ರವೂ ಅಲ್ಲ. ಅಮೆರಿಕದಲ್ಲಿ 2003ರಲ್ಲಿ ರಾಷ್ಟ್ರೀಯ ಸೈಬರ್ ಭದ್ರತಾ ವಿಭಾಗದ ಮುಖ್ಯಸ್ಥರಾದ ಅಮಿತ್ ಯೋರಾನ್ ಒಂದು ವರ್ಷ ಕಳೆಯುತ್ತಲೇ, ಒಂದೇ ದಿನದ ನೋಟಿಸ್ ಕೊಟ್ಟು ಎದ್ದುಹೋದರು. ಸಿಸಾದ ಕ್ರೆಬ್ಸ್ ಅವರಿಗೆ ಒಂದು ದಿನದ ನೋಟಿಸೂ ಸಿಗಲಿಲ್ಲ. 2020ರ ಅಧ್ಯಕ್ಷೀಯ ಚುನಾವಣೆಯಲ್ಲಿ ಮತಯಂತ್ರಗಳ ಬಗ್ಗೆ ಹಬ್ಬಿದ ವದಂತಿಗಳಿಗೆ ಅವರ ಸಂಸ್ಥೆ ಒಂದೊಂದಾಗಿ ಉತ್ತರ ಕೊಡುತ್ತಿತ್ತು. ಮತಗಳು ಅದಲುಬದಲಾದ ಪುರಾವೆಯಿಲ್ಲ ಎಂದು ಅಧಿಕಾರಿಗಳು ಒಕ್ಕೊರಲಲ್ಲಿ ಹೇಳಿದರು. ನವೆಂಬರ್ 17ರಂದು ಅಧ್ಯಕ್ಷ ಟ್ರಂಪ್ ಒಂದು ಟ್ವೀಟ್‌ನಲ್ಲಿ ಅವರನ್ನು ವಜಾ ಮಾಡಿದರು. ಸುಮಾರು ನಾಲ್ಕೂವರೆ ವರ್ಷದ ಬಳಿಕ, ಎರಡನೇ ಸಲ ಅಧಿಕಾರಕ್ಕೆ ಬಂದ ಟ್ರಂಪ್ 2025ರ ಏಪ್ರಿಲ್‌ನಲ್ಲಿ ಕ್ರೆಬ್ಸ್ ಅವರ ಭದ್ರತಾ ಅನುಮತಿ ಕಿತ್ತುಕೊಂಡು, ಅಧಿಕಾರದಲ್ಲಿದ್ದಾಗಿನ ಅವರ ನಡವಳಿಕೆಯ ತನಿಖೆಗೆ ಆದೇಶಿಸಿದರು. ಕ್ರೆಬ್ಸ್ ಆಗ ಕೆಲಸ ಮಾಡುತ್ತಿದ್ದ ಸೆಂಟಿನೆಲ್‌ವನ್ ಕಂಪನಿಯ ನೌಕರರ ಅನುಮತಿಗೂ ತಡೆ ಬಿತ್ತು. ಅದೇ ತಿಂಗಳು ಅವರು ಆ ಕಂಪನಿಯನ್ನೂ ಬಿಟ್ಟರು.